ಬ್ರೈಟ್‌ನೆಸ್ ಪೂರ್ತಿ ಇಳಿಸಿದರೂ ಕಣ್ಣು ಕುಕ್ಕುವ ಫೋನು, ಕೋಣೆ ತುಂಬ ಬೆಳಕಿನ ಚುಕ್ಕಿ

ಪ್ರಶ್ನೆ: ಮಗುವಿಗೆ ಐದು ತಿಂಗಳು. ರಾತ್ರಿ ಎರಡು ಮೂರು ಸಲ ಹಾಲು ಕುಡಿಸಲು ಏಳುತ್ತೇನೆ. ಆಗ ಫೋನ್ ನೋಡಿದರೆ, ಬ್ರೈಟ್‌ನೆಸ್ ಪೂರ್ತಿ ಇಳಿಸಿದ್ದರೂ ಕಣ್ಣು ಕುಕ್ಕುತ್ತದೆ, ಆಮೇಲೆ ಬೇಗ ನಿದ್ದೆ ಹತ್ತುವುದಿಲ್ಲ. ಪರದೆ ಮಂಕು ಮಾಡುವ ಆಪ್ ಒಂದನ್ನು ಹಾಕಿಕೊಂಡೆ. ಮರುದಿನ ಯುಪಿಐ ಆಪ್ ತೆರೆಯಲೇ ಇಲ್ಲ. ನನ್ನದು ಆಂಡ್ರಾಯ್ಡ್ 13, ಯಜಮಾನರದು ಐಫೋನ್. ಇದರ ಮೇಲೆ ಕೋಣೆಯಲ್ಲೇ ಇರುವ ಫೈಬರ್ ಇಂಟರ್‌ನೆಟ್ ಪೆಟ್ಟಿಗೆಯ ದೀಪಗಳು, ಎಸಿ ಮೇಲಿನ ಅಂಕಿ, ಸ್ಟೆಬಿಲೈಸರ್, ಸೊಳ್ಳೆ ಮಷೀನು. ಸೀಲಿಂಗಿನ ಎಲ್‌ಇಡಿ ಬಲ್ಬಂತೂ ಸ್ವಿಚ್ ಆರಿಸಿದ ಮೇಲೂ ಮಿಣಮಿಣ ಅನ್ನುತ್ತಿರುತ್ತದೆ. ಏನೇನು ಮಾಡಬಹುದು?

ಉತ್ತರ: ನೀವು ಹೇಳಿದ್ದರಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ: ಫೋನಿನ ಪರದೆ, ಸುತ್ತಲಿನ ಪುಟ್ಟ ದೀಪಗಳು, ಆರದ ಬಲ್ಬು. ಮೊದಲೆರಡನ್ನು ಇವತ್ತು ರಾತ್ರಿಯೇ, ಮೆಡಿಕಲ್ ಶಾಪಿನಿಂದ ತಂದ ಒಂದು ಸುರುಳಿ ಪೇಪರ್ ಟೇಪಿನ ಖರ್ಚಿನಲ್ಲಿ ಸರಿಮಾಡಿಕೊಳ್ಳಬಹುದು. ಮೂರನೆಯದು ಕಣ್ಣಿನ ವಿಷಯವಲ್ಲ, ವೈರಿಂಗಿನದು. ಅದನ್ನು ಕೊನೆಗೆ ಹೇಳುತ್ತೇವೆ, ಆದರೆ ಅದನ್ನೇ ಮುಂದೂಡಬೇಡಿ.

ಬ್ರೈಟ್‌ನೆಸ್ ಪಟ್ಟಿಯನ್ನು ಎಡತುದಿಗೆ ಎಳೆದರೂ ಪರದೆ ಯಾಕೆ ಕುಕ್ಕುತ್ತದೆ ಎಂದರೆ, ಅಷ್ಟೊತ್ತಿಗೆ ನಿಮ್ಮ ಕಣ್ಣೇ ಬೇರೆಯಾಗಿರುತ್ತದೆ. ಕತ್ತಲಲ್ಲಿ 20ರಿಂದ 30 ನಿಮಿಷ ಕಳೆದರೆ ಕಣ್ಣಿನ ಕತ್ತಲೆ ಕೋಶಗಳು ಪೂರ್ತಿ ಎಚ್ಚೆತ್ತುಕೊಳ್ಳುತ್ತವೆ. ಹಗಲಲ್ಲಿ ಕಾಣಿಸದಷ್ಟು ಮಂದ ಬೆಳಕೂ ಅವಕ್ಕೆ ಧಾರಾಳವಾಗಿ ಕಾಣುತ್ತದೆ. ಸಾಮಾನ್ಯ ಫೋನಿನ ಪರದೆ ಅತಿ ಕಡಿಮೆ ಎಂದರೆ 2 ನಿಟ್ (ಪರದೆ ಎಷ್ಟು ಹೊಳೆಯುತ್ತದೆ ಎಂಬುದರ ಅಳತೆ) ಆಸುಪಾಸಿಗೆ ಇಳಿಯುತ್ತದೆ. ಹಗಲಿನ ಕಣ್ಣಿಗೆ ಅದು ಏನೂ ಅಲ್ಲ. ನಡುರಾತ್ರಿ ಎದ್ದ ಕಣ್ಣಿಗೆ, ಅದೂ ಬಿಳಿ ಪುಟ ಒಂದು ಗೇಣು ದೂರದಲ್ಲಿ ತೆರೆದುಕೊಂಡರೆ, ಜಾಸ್ತಿಯೇ.

ಬಣ್ಣದ ಲೆಕ್ಕ ಬೇರೆ ಇದೆ. ಕತ್ತಲೆ ಕೋಶಗಳು ಅತಿ ಚುರುಕಾಗಿರುವುದು 500 ನ್ಯಾನೊಮೀಟರ್ (ಬೆಳಕಿನ ಬಣ್ಣ ಹೇಳುವ ತರಂಗಾಂತರದ ಅಳತೆ) ಹತ್ತಿರದ ನೀಲಿಹಸಿರಿಗೆ; 620 ದಾಟಿದ ಕೆಂಪು ಅವಕ್ಕೆ ಹೆಚ್ಚುಕಮ್ಮಿ ಕಾಣುವುದೇ ಇಲ್ಲ. ಮೆದುಳಿಗೆ ‘ಬೆಳಗಾಯಿತು’ ಎಂದು ಸುದ್ದಿ ಮುಟ್ಟಿಸುವ ಕೋಶಗಳು ಬೇರೆ, ಅವು 480ರ ಸುತ್ತಿನ ನೀಲಿಗೆ ಎಚ್ಚರಾಗುತ್ತವೆ. ಹಾಗಾಗಿ ರಾತ್ರಿ ನೀಲಿ ಚುಕ್ಕಿ ದೊಡ್ಡದಾಗಿಯೂ ಅಷ್ಟೇ ಶಕ್ತಿಯ ಕೆಂಪು ಚುಕ್ಕಿ ಚಿಕ್ಕದಾಗಿಯೂ ಕಾಣುತ್ತದೆ. ಮಲಗಿದ ಹೊತ್ತಿನಲ್ಲಿ ಕಣ್ಣಿಗೆ ಬೀಳುವ ಬೆಳಕು, ನೀಲಿಗೆ ಹೆಚ್ಚು ತೂಕ ಕೊಟ್ಟು ಅಳೆದಾಗ, 1 ಲಕ್ಸ್ (ಒಂದು ಜಾಗಕ್ಕೆ ಬೀಳುವ ಬೆಳಕಿನ ಅಳತೆ) ಮೀರದಿರಲಿ ಎಂಬುದು 2022ರಲ್ಲಿ ಈ ವಿಷಯದ ತಜ್ಞರ ಗುಂಪೊಂದು ಕೊಟ್ಟ ಸಲಹೆ. ಹುಣ್ಣಿಮೆ ಬೆಳದಿಂಗಳು ಇದಕ್ಕಿಂತ ಎಷ್ಟೋ ಕಡಿಮೆ. ನಿಜ ಹೇಳಬೇಕೆಂದರೆ ರೂಟರಿನ ಎರಡು ಚುಕ್ಕಿಗಳಿಂದ ಹಾಸಿಗೆ ತನಕ ಬರುವ ಬೆಳಕೂ ಈ ಮಿತಿಯೊಳಗೇ ಇರುತ್ತದೆ. ಅವು ಮಾಡುವುದು ಕಿರಿಕಿರಿ. ನಿದ್ದೆ ಓಡಿಸುವ ಕೆಲಸದಲ್ಲಿ ಮುಖದ ಮುಂದಿನ ಫೋನಿನ ಪಾಲೇ ದೊಡ್ಡದು. ಮೊದಲು ಅದನ್ನು ನೋಡೋಣ.

ನಿಮ್ಮ ಫೋನಿನ ಪರದೆ ಎಲ್‌ಸಿಡಿಯೋ ಅಮೋಲೆಡ್ಡೋ ತಿಳಿದುಕೊಳ್ಳಿ. ಪೂರ್ತಿ ಕಪ್ಪಾದ ಒಂದು ಫೋಟೊ ತೆರೆದು (ಕ್ಯಾಮೆರಾವನ್ನು ಅಂಗೈಯಲ್ಲಿ ಮುಚ್ಚಿ ತೆಗೆದದ್ದೂ ಸಾಕು) ದೀಪ ಆರಿಸಿ. ಪರದೆ ಆರಿಹೋದಂತೆ ಕಂಡರೆ ಅಮೋಲೆಡ್. ಬೂದುಬಣ್ಣದಲ್ಲಿ ಮಸುಕಾಗಿ ಹೊಳೆಯುತ್ತಿದ್ದರೆ ಎಲ್‌ಸಿಡಿ. ಅಮೋಲೆಡ್‌ನಲ್ಲಿ ಒಂದೊಂದು ಚುಕ್ಕಿಯೂ ತಾನೇ ಉರಿಯುವ ದೀಪ. ಕಪ್ಪು ಇದ್ದಲ್ಲಿ ಬೆಳಕೇ ಇಲ್ಲ. ಎಲ್‌ಸಿಡಿಯಲ್ಲಿ ಹಿಂದೆ ಒಂದೇ ದೀಪ, ಮುಂದೆ ಬಣ್ಣದ ಜಾಲರಿ. ಜಾಲರಿ ಎಷ್ಟೇ ಮುಚ್ಚಿದರೂ ಸ್ವಲ್ಪ ಸೋರುತ್ತದೆ. ಮುಂದೆ ಹೇಳುವ ಉಪಾಯಗಳು ಅಮೋಲೆಡ್‌ನಲ್ಲಿ ಪೂರ್ತಿ ಫಲ ಕೊಡುತ್ತವೆ, ಎಲ್‌ಸಿಡಿಯಲ್ಲಿ ಮುಕ್ಕಾಲು ಪಾಲು.

ಆಂಡ್ರಾಯ್ಡ್ 12ರಿಂದ ಈಚೆಗೆ ಬೇರೆ ಆಪ್ ಬೇಕಿಲ್ಲ, ‘ಎಕ್ಸ್‌ಟ್ರಾ ಡಿಮ್’ ಎಂಬ ಸೌಲಭ್ಯ ಫೋನಿನೊಳಗೇ ಬಂದಿದೆ. ಸೆಟ್ಟಿಂಗ್ಸ್ ತೆರೆದು ಆಕ್ಸೆಸಿಬಿಲಿಟಿಗೆ ಹೋಗಿ. ನಿಮ್ಮ 13ರಲ್ಲಿ ಅದು ನೇರ ಅಲ್ಲೇ ಇರಬಹುದು. 14ರ ನಂತರ ‘ಕಲರ್ ಆಂಡ್ ಮೋಷನ್’ ಒಳಗೆ, ಸ್ಯಾಮ್ಸಂಗ್‌ನಲ್ಲಿ ‘ವಿಸಿಬಿಲಿಟಿ ಎನ್‌ಹಾನ್ಸ್‌ಮೆಂಟ್ಸ್’ ಒಳಗೆ. ಕಂಪನಿಯಿಂದ ಕಂಪನಿಗೆ ಜಾಗ ಬದಲಾಗುವುದರಿಂದ ಸೆಟ್ಟಿಂಗ್ಸ್ ಮೇಲ್ಭಾಗದ ಹುಡುಕು ಪಟ್ಟಿಯಲ್ಲಿ ‘ಡಿಮ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡುವುದೇ ಹತ್ತಿರದ ದಾರಿ. ಆನ್ ಮಾಡಿದ ಮೇಲೆ ಅದರಲ್ಲೇ ಇನ್ನೊಂದು ಪಟ್ಟಿ ಕಾಣುತ್ತದೆ: ಎಷ್ಟು ಮಂಕು ಬೇಕು ಎಂಬುದಕ್ಕೆ. ಹಗಲಲ್ಲಿ ಕೂತು ಇದನ್ನು ಹೊಂದಿಸಬೇಡಿ, ತಪ್ಪುತ್ತದೆ. ಕತ್ತಲಲ್ಲಿ ಹತ್ತು ನಿಮಿಷ ಕೂತು, ವಾಟ್ಸಾಪಿನ ಅಕ್ಷರ ಓದಲು ಸಾಕಾಗುವಷ್ಟಕ್ಕೆ ಇಳಿಸಿ.

ಇದರಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ರಾತ್ರಿ ಹಾಕಿದ್ದನ್ನು ಮರೆತು ಬೆಳಿಗ್ಗೆ ಬಿಸಿಲಿಗೆ ಬಂದರೆ ಪರದೆಯಲ್ಲಿ ಏನೂ ಕಾಣುವುದಿಲ್ಲ. ಆರಿಸೋಣವೆಂದರೆ ಆರಿಸುವ ಗುಂಡಿಯೂ ಕಾಣುವುದಿಲ್ಲ. ಡಿಸ್‌ಪ್ಲೇ ಹೋಯಿತೆಂದು ಫೋನನ್ನು ರಿಪೇರಿ ಅಂಗಡಿಗೆ ಒಯ್ಯುವವರೂ ಇದ್ದಾರೆ. ಅದಕ್ಕೆ ಮೊದಲೇ ಎರಡು ವ್ಯವಸ್ಥೆ ಮಾಡಿಡಿ. ‘ರೀಸ್ಟಾರ್ಟ್ ಆದ ಮೇಲೂ ಹೀಗೇ ಇರಲಿ’ ಎಂಬ ಆಯ್ಕೆಯನ್ನು ಆಫ್‌ನಲ್ಲೇ ಇಡಿ, ಆಗ ಫೋನ್ ಒಮ್ಮೆ ಆರಿಸಿ ಹಚ್ಚಿದರೆ ಮಂಕು ತಾನಾಗಿ ಹೋಗಿರುತ್ತದೆ. ಅದೇ ಪುಟದಲ್ಲಿ ಶಾರ್ಟ್‌ಕಟ್ ಎಂಬಲ್ಲಿ ‘ಎರಡೂ ವಾಲ್ಯೂಮ್ ಗುಂಡಿ ಒತ್ತಿಹಿಡಿ’ ಎಂಬುದನ್ನು ಆರಿಸಿ. ಕಣ್ಣುಮುಚ್ಚಿಯೂ ಮಾಡಬಹುದಾದ ಕೆಲಸ ಅದು. ಒಂದು ಕೈಯಲ್ಲಿ ಮಗು ಇದ್ದಾಗ ಇನ್ನೊಂದೇ ಕೈಗೆ ಸಾಗುತ್ತದೆ.

ಹಾಗಾದರೆ ನೀವು ಹಾಕಿದ ಆಪ್ ಮಾಡಿದ್ದೇನು? ಅಂಥ ಆಪ್‌ಗಳು ಪರದೆಯ ಬೆಳಕನ್ನು ಇಳಿಸುವುದಿಲ್ಲ, ಉಳಿದೆಲ್ಲದರ ಮೇಲೆ ಕಪ್ಪು ಛಾಯೆಯ ಹಾಳೆಯೊಂದನ್ನು ಹೊದಿಸುತ್ತವೆ. ಕಳ್ಳ ಆಪ್‌ಗಳು ಪಿನ್ ಕದಿಯಲು ಬಳಸುವುದೂ ಇದೇ ಹೊದಿಕೆಯ ತಂತ್ರವನ್ನೇ. ಆದ್ದರಿಂದ ಬ್ಯಾಂಕ್ ಮತ್ತು ಯುಪಿಐ ಆಪ್‌ಗಳು ಮೇಲೆ ಯಾವುದೋ ಹಾಳೆ ಇದೆ ಎಂದು ಗೊತ್ತಾದ ಕೂಡಲೇ ಬಾಗಿಲು ಹಾಕಿಕೊಳ್ಳುತ್ತವೆ. ಆಂಡ್ರಾಯ್ಡ್ 12ರಿಂದ ಇನ್ನೂ ಒಂದು ನಿಯಮ ಬಂತು: ಹೊದಿಕೆ ಶೇ 80ಕ್ಕಿಂತ ದಟ್ಟವಾಗಿದ್ದರೆ ಬೆರಳಿನ ಒತ್ತು ಅದನ್ನು ದಾಟಿ ಕೆಳಗಿನ ಆಪ್‌ಗೆ ತಲುಪುವುದಿಲ್ಲ. ಈ ನಿಯಮ ತಪ್ಪಿಸಿಕೊಳ್ಳಲು ಕೆಲವು ಆಪ್‌ಗಳು ಆಕ್ಸೆಸಿಬಿಲಿಟಿ ಅನುಮತಿ ಕೇಳುತ್ತವೆ. ಕೊಟ್ಟರೆ ಬ್ಯಾಂಕ್ ಆಪ್‌ಗಳ ಅನುಮಾನ ಮತ್ತೂ ಜಾಸ್ತಿ. ಆ ಆಪನ್ನು ತೆಗೆದುಬಿಡಿ. ಬಳಿಕ ಸೆಟ್ಟಿಂಗ್ಸ್‌ನಲ್ಲಿ ‘ಡಿಸ್‌ಪ್ಲೇ ಓವರ್ ಅದರ್ ಆಪ್ಸ್’ ಪಟ್ಟಿಯನ್ನೂ ಆಕ್ಸೆಸಿಬಿಲಿಟಿಯ ಪಟ್ಟಿಯನ್ನೂ ಒಮ್ಮೆ ನೋಡಿ, ಪರಿಚಯವಿಲ್ಲದ ಹೆಸರು ಆನ್ ಆಗಿದ್ದರೆ ಆಫ್ ಮಾಡಿ. ಯುಪಿಐ ಮೊದಲಿನಂತೆ ತೆರೆದುಕೊಳ್ಳುತ್ತದೆ. ಎಕ್ಸ್‌ಟ್ರಾ ಡಿಮ್‌ಗೆ ಈ ಗೋಳಿಲ್ಲ. ಅದು ಹೊದಿಕೆಯಲ್ಲ, ಪರದೆಗೆ ಹೋಗುವ ಬಣ್ಣಗಳನ್ನೇ ತಗ್ಗಿಸುತ್ತದೆ. ಸ್ಕ್ರೀನ್‌ಶಾಟ್ ತೆಗೆದರೆ ಚಿತ್ರ ಮಂಕಾಗದೆ ಮಾಮೂಲಿನಂತೆ ಬರುವುದು ಅದಕ್ಕೇ.

ಯಜಮಾನರ ಐಫೋನಿನಲ್ಲಿ ಇದರ ಹೆಸರು ‘ರಿಡ್ಯೂಸ್ ವೈಟ್ ಪಾಯಿಂಟ್’. ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ‘ಡಿಸ್‌ಪ್ಲೇ ಆಂಡ್ ಟೆಕ್ಸ್ಟ್ ಸೈಜ್’, ಪುಟದ ಕೆಳಭಾಗ. ಅದರ ಪಟ್ಟಿಯನ್ನು 80–90ಕ್ಕೆ ಏರಿಸಿ. ಇಲ್ಲಿ ಅಂಕಿ ಏರಿದಷ್ಟೂ ಪರದೆ ಮಂಕು. ನಂತರ ಆಕ್ಸೆಸಿಬಿಲಿಟಿಯ ತೀರಾ ಕೊನೆಯಲ್ಲಿರುವ ‘ಆಕ್ಸೆಸಿಬಿಲಿಟಿ ಶಾರ್ಟ್‌ಕಟ್’ನಲ್ಲಿ ಇದನ್ನೇ ಗುರುತು ಮಾಡಿ. ಪಕ್ಕದ ಗುಂಡಿ ಮೂರು ಸಲ ಒತ್ತಿದರೆ ಮಂಕು, ಮತ್ತೆ ಮೂರು ಸಲ ಒತ್ತಿದರೆ ಮಾಮೂಲು. ಇದೂ ಸಾಲದು ಎನಿಸಿದರೆ ಜೂಮ್‌ನ ಒಳಗೆ ಫಿಲ್ಟರ್ ಎಂಬಲ್ಲಿ ‘ಲೋ ಲೈಟ್’ ಇದೆ. ಜೂಮ್ ಆನ್ ಮಾಡಿ, ಮೂರು ಬೆರಳಿನಿಂದ ಮೂರು ಸಲ ತಟ್ಟಿದರೆ ಬರುವ ಪಟ್ಟಿಯಲ್ಲಿ ‘ಫುಲ್ ಸ್ಕ್ರೀನ್’ ಆರಿಸಿ, ಹಿಗ್ಗಿಸುವ ಗುಂಡಿಯನ್ನು ಕನಿಷ್ಠಕ್ಕೆ ಎಳೆಯಬೇಕು. ಇದನ್ನು ಮರೆತರೆ ಪರದೆಯ ಒಂದು ಮೂಲೆ ಮಾತ್ರ ದೊಡ್ಡದಾಗಿ ಕಾಣುತ್ತಾ ಗೊಂದಲವಾಗುತ್ತದೆ. ಎರಡನ್ನೂ ಒಟ್ಟಿಗೆ ಹಾಕಬಹುದು, ಆಗ ಪರದೆ ಬಹುತೇಕ ಆರಿದಂತಾಗುತ್ತದೆ.

ಇನ್ನು ಹಳದಿ ಬಣ್ಣದ ವಿಷಯ. ಆಂಡ್ರಾಯ್ಡ್‌ನ ನೈಟ್ ಲೈಟ್, ಸ್ಯಾಮ್ಸಂಗ್‌ನ ಐ ಕಂಫರ್ಟ್ ಶೀಲ್ಡ್, 2016ರಲ್ಲಿ ಐಫೋನಿಗೆ ಬಂದ ನೈಟ್ ಶಿಫ್ಟ್, ಎಲ್ಲವೂ ಮಾಡುವುದು ನೀಲಿಯನ್ನು ತಗ್ಗಿಸುವ ಒಂದೇ ಕೆಲಸ. ಸಂಜೆ ಏಳರಿಂದ ಬೆಳಿಗ್ಗೆ ಆರಕ್ಕೆ ಸಮಯ ಕಟ್ಟಿ, ಬಣ್ಣದ ಪಟ್ಟಿಯನ್ನು ಪೂರ್ತಿ ಹಳದಿ ಬದಿಗೆ ಎಳೆದುಬಿಡಿ. ಆದರೆ ಪರದೆ ಹಳದಿಯಾಯಿತು ಎಂದು ಬ್ರೈಟ್‌ನೆಸ್ ಏರಿಸಿಕೊಂಡು ಓದುವುದರಲ್ಲಿ ಅರ್ಥವಿಲ್ಲ. ಮಂಕು ಮೊದಲು, ಹಳದಿ ಆಮೇಲೆ. ಡಾರ್ಕ್ ಥೀಮ್ ಇವೆರಡಕ್ಕಿಂತ ಹೆಚ್ಚು ಕೆಲಸ ಮಾಡುವುದುಂಟು, ಮುಖ್ಯವಾಗಿ ಅಮೋಲೆಡ್‌ನಲ್ಲಿ: ಬಿಳಿ ಪುಟದ ಜಾಗದಲ್ಲಿ ಕಪ್ಪು ಬಂದರೆ ಹೊರಡುವ ಬೆಳಕು ಎಷ್ಟೋ ಪಟ್ಟು ಇಳಿಯುತ್ತದೆ. ಫೋನಿಗೆ ಡಾರ್ಕ್ ಹಾಕಿದರೂ ಕೆಲವು ಆಪ್‌ಗಳು ಕೇಳುವುದಿಲ್ಲ. ರಾತ್ರಿ ಹೆಚ್ಚು ತೆರೆಯುವ ಎರಡು ಮೂರು ಆಪ್‌ಗಳ ಒಳಗೇ ಹೋಗಿ ಥೀಮ್ ನೋಡಿ. ವಾಟ್ಸಾಪ್‌ನಲ್ಲಿ ಅದು ಸೆಟ್ಟಿಂಗ್ಸ್ ಒಳಗಿನ ಚಾಟ್ಸ್‌ನಲ್ಲಿದೆ. ಕಪ್ಪಿನ ಮೇಲೆ ಬಿಳಿ ಅಕ್ಷರ ಹರಡಿದಂತೆ ಕಂಡರೆ ಕಣ್ಣಿಗೆ ಸಿಲಿಂಡರ್ ಪವರ್ ಇರಬಹುದು, ಅಂಥವರಿಗೆ ಡಾರ್ಕ್ ಥೀಮಿಗಿಂತ ಬಿಳಿ ಪುಟವನ್ನೇ ಮಂಕು ಮಾಡಿ ಓದುವುದು ಹಿತ.

ಮಂಕು ಮಾಡಿದ ಮೇಲೆ ತಲೆನೋವು ಶುರುವಾದರೆ ಕಾರಣ ಬೇರೆಯೇ. ಅಮೋಲೆಡ್ ಪರದೆಗಳಲ್ಲಿ ಹಲವು, ಬೆಳಕನ್ನು ನಿಜವಾಗಿ ತಗ್ಗಿಸದೆ ಸೆಕೆಂಡಿಗೆ ನೂರಾರು ಸಲ, 240 ಇಲ್ಲವೇ 480 ಸಲ, ಆರಿಸಿ ಹಚ್ಚುತ್ತವೆ. ಬ್ರೈಟ್‌ನೆಸ್ ಇಳಿಸಿದಷ್ಟೂ ಆರಿರುವ ಹೊತ್ತು ಜಾಸ್ತಿ. ಬಹಳ ಜನಕ್ಕೆ ಇದು ತಿಳಿಯುವುದೇ ಇಲ್ಲ, ಕೆಲವರಿಗೆ ಕಣ್ಣು ನೋಯುತ್ತದೆ. ಇನ್ನೊಂದು ಫೋನಿನ ಕ್ಯಾಮೆರಾದಲ್ಲಿ ನೋಡಿದರೆ ಪರದೆಯ ಮೇಲೆ ಕಪ್ಪು ಪಟ್ಟೆಗಳು ಹರಿಯುತ್ತಿರುವುದು ಕಾಣಬಹುದು. ಉಪಾಯ ಸುಲಭ: ಮಾಮೂಲು ಬ್ರೈಟ್‌ನೆಸ್ಸನ್ನು ಪೂರ್ತಿ ಇಳಿಸದೆ ಮೂರನೇ ಒಂದು ಭಾಗದಲ್ಲಿ ಬಿಟ್ಟು, ಉಳಿದ ಮಂಕನ್ನು ಎಕ್ಸ್‌ಟ್ರಾ ಡಿಮ್ ಅಥವಾ ವೈಟ್ ಪಾಯಿಂಟ್‌ನಿಂದ ತೆಗೆದುಕೊಳ್ಳಿ. ಕಡು ಬಣ್ಣಗಳಲ್ಲಿ ಸ್ವಲ್ಪ ಪಟ್ಟೆಪಟ್ಟೆಯಾಗಿ ಕಾಣುತ್ತದೆ, ಓದಲು ಅಡ್ಡಿಯಿಲ್ಲ. ಕೆಲವು ಫೋನುಗಳಲ್ಲಿ ‘ಡಿಸಿ ಡಿಮ್ಮಿಂಗ್’ ಅಥವಾ ‘ಆಂಟಿ ಫ್ಲಿಕರ್’ ಎಂಬ ಆಯ್ಕೆಯೂ ಇದೆ, ಇದ್ದರೆ ಹಾಕಿಕೊಳ್ಳಿ.

ಪರದೆ ತಾನಾಗಿ ಹತ್ತಿಕೊಳ್ಳುವುದನ್ನು ತಡೆಯಲು ಡು ನಾಟ್ ಡಿಸ್ಟರ್ಬ್ ಹಾಕಿ, ಅದರೊಳಗೆ ನೋಟಿಫಿಕೇಶನ್ ಬಂದಾಗ ‘ಪರದೆ ಎಚ್ಚರಿಸಬೇಡ’ ಎಂಬ ಆಯ್ಕೆಯನ್ನೂ ಆನ್ ಮಾಡಿ. ಬರೀ ಸದ್ದು ನಿಲ್ಲಿಸಿದರೆ ಬೆಳಕು ನಿಲ್ಲುವುದಿಲ್ಲ. ಅಪ್ಪ ಅಮ್ಮನ ನಂಬರುಗಳಿಗೆ ವಿನಾಯಿತಿ ಕೊಟ್ಟಿಡಿ. ಆಲ್ವೇಸ್ ಆನ್ ಡಿಸ್‌ಪ್ಲೇ, ಎತ್ತಿದರೆ ಹತ್ತುವ ‘ಲಿಫ್ಟ್ ಟು ವೇಕ್’ ಎರಡನ್ನೂ ಆರಿಸಿ. ಕರೆ ಬಂದಾಗ ಹಿಂದಿನ ಟಾರ್ಚು ಮಿಂಚುತ್ತಿದ್ದರೆ ಅದು ಆಕ್ಸೆಸಿಬಿಲಿಟಿಯಲ್ಲಿ ಯಾವಾಗಲೋ ಕೈತಪ್ಪಿ ಆನ್ ಆದ ಫ್ಲ್ಯಾಶ್ ಅಲರ್ಟ್. ಇಷ್ಟೆಲ್ಲ ಬೇಡವೆಂದರೆ ಫೋನನ್ನು ಬೋರಲು ಹಾಕಿ ಮಲಗಿ. ಪರದೆಯ ಮೇಲಂಚಿನಲ್ಲಿರುವ ಬೆಳಕಿನ ಸೆನ್ಸರ್ ಮೇಲೆ ಮಾತ್ರ ಟೇಪು, ಸ್ಟಿಕ್ಕರ್ ಏನೂ ಅಂಟಿಸಬೇಡಿ; ಹಗಲಲ್ಲಿ ಪರದೆ ಮಂಕಾಗಿಯೇ ಉಳಿಯುತ್ತದೆ, ಪಕ್ಕದಲ್ಲೇ ಇರುವ ಇನ್ನೊಂದು ಸೆನ್ಸರ್ ಮುಚ್ಚಿದರೆ ಕರೆಯ ನಡುವೆ ಪರದೆ ಆರಿಹೋಗುತ್ತದೆ.

ಈಗ ಕೋಣೆಯ ಚುಕ್ಕಿಗಳು. ಎಂಬತ್ತು ತೊಂಬತ್ತರ ದಶಕದ ಟೇಪ್ ರೆಕಾರ್ಡರಿನ ಕೆಂಪು ದೀಪ ಯಾರ ನಿದ್ದೆಯನ್ನೂ ಕೆಡಿಸುತ್ತಿರಲಿಲ್ಲ. ಆಮೇಲೆ ಬಂದ ನೀಲಿ ಎಲ್‌ಇಡಿ (ಇದಕ್ಕಾಗಿ ಅಕಾಸಾಕಿ, ಅಮಾನೊ, ನಕಾಮುರ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಸಿಕ್ಕಿತು) ಒಂದು ಮಿಲಿಆಂಪಿಯರ್ ಕೊಟ್ಟರೂ ಕೋಣೆಯ ಆಚೆಯಿಂದ ಕಾಣುವಷ್ಟು ಸಮರ್ಥ. ಹಳೆಯ ಕೆಂಪು ದೀಪಕ್ಕೆ ಕೊಡುತ್ತಿದ್ದ ಕರೆಂಟನ್ನೇ ಇದಕ್ಕೂ ಕೊಟ್ಟು ಪೆಟ್ಟಿಗೆ ಮುಚ್ಚುವ ತಯಾರಕರಿಗೆ ಏನು ಹೇಳೋಣ.

ಮೆಡಿಕಲ್ ಶಾಪಿನಲ್ಲಿ ಸಲೈನ್ ಸೂಜಿ ಅಂಟಿಸಲು ಬಳಸುವ ಬಿಳಿ ಪೇಪರ್ ಟೇಪ್ ಸಿಗುತ್ತದೆ, ಅರ್ಧ ಇಂಚು ಅಗಲದ್ದು ಸಾಕು. ಕೈಯಲ್ಲೇ ಹರಿಯುತ್ತದೆ. ದೀಪದ ಸುತ್ತಲಿನ ಧೂಳನ್ನು ಒಣಬಟ್ಟೆಯಲ್ಲಿ ಒರೆಸಿ, ಒಂದು ಪದರ ಹಚ್ಚಿ ನೋಡಿ. ಚೂಪಾದ ಚುಕ್ಕಿ ಹರಡಿಕೊಂಡು ಮೆತ್ತಗಿನ ಗುಂಡು ಬೆಳಕಾಗುತ್ತದೆ. ಕುಕ್ಕುವುದು ಅಲ್ಲಿಗೇ ಅರ್ಧ ನಿಂತಿತು. ಎರಡನೆಯ, ಮೂರನೆಯ ಪದರ ಹಚ್ಚುತ್ತಾ ಹೋದಂತೆ ಇಳಿಯುತ್ತದೆ. ಹತ್ತಿರ ಹೋದರೆ ಮಾತ್ರ ಕಾಣುವಷ್ಟು ಉಳಿದಾಗ ನಿಲ್ಲಿಸಿ. ನೀಲಿ ದೀಪವಾದರೆ ಮೇಲಿನ ಪದರಕ್ಕೆ ಕೆಂಪು ಮಾರ್ಕರ್ ಬಳಿಯಿರಿ, ಇನ್ನಷ್ಟು ತಗ್ಗುತ್ತದೆ. ಪೂರ್ತಿ ಮುಚ್ಚಬೇಕಾದ ಕಡೆ ಎಲೆಕ್ಟ್ರಿಷಿಯನ್ನರ ಕಪ್ಪು ಇನ್ಸುಲೇಶನ್ ಟೇಪ್ ಆಗುತ್ತದೆ, ಆದರೆ ಬೇಸಿಗೆಯಲ್ಲಿ ಬಿಸಿಯಾಗುವ ಪೆಟ್ಟಿಗೆಯ ಮೇಲೆ ಅದರ ಗೋಂದು ಕರಗಿ ಜಾರಿ ಅಂಟಂಟಾಗಿ ಉಳಿಯುತ್ತದೆ. ಮೊದಲು ಒಂದು ಪದರ ಪೇಪರ್ ಟೇಪ್ ಹಾಕಿ ಅದರ ಮೇಲೆ ಕಪ್ಪು ಹಚ್ಚಿದರೆ ಆ ರಗಳೆ ಇರುವುದಿಲ್ಲ. ನೇಲ್ ಪಾಲಿಶ್ ಬೇಡ. ತೆಗೆಯುವ ದ್ರವ ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ.

ಫೈಬರ್ ಪೆಟ್ಟಿಗೆಯಲ್ಲಿ ‘ಎಲ್ಓಎಸ್’ ಎಂದು ಬರೆದ ದೀಪವೊಂದಿರುತ್ತದೆ. ಅದಕ್ಕೆ ಕಪ್ಪು ಟೇಪ್ ಹಾಕಬೇಡಿ. ಮಾಮೂಲಾಗಿ ಅದು ಆರಿಯೇ ಇರುತ್ತದೆ. ಫೈಬರ್ ಎಲ್ಲೋ ತುಂಡಾದಾಗ ಮಾತ್ರ ಕೆಂಪಾಗಿ ಮಿನುಗುತ್ತದೆ, ದೂರು ಕೊಡುವಾಗ ಮೊದಲು ಕೇಳುವುದೂ ಅದನ್ನೇ. ಪೆಟ್ಟಿಗೆಯ ಹಿಂಭಾಗದಲ್ಲಿ ಎಲ್‌ಇಡಿ ಎಂದು ಬರೆದ ಗುಂಡಿ ಇದೆಯೇ ನೋಡಿ. ಅಂಗಡಿಯಲ್ಲಿ ಕೊಂಡ ರೂಟರಾದರೆ ಸೆಟ್ಟಿಂಗಿನಲ್ಲೂ ದೀಪ ಆರಿಸುವ ಆಯ್ಕೆ ಇರಬಹುದು. ಟಿಪಿ ಲಿಂಕ್‌ನ ಹಲವು ರೂಟರುಗಳಲ್ಲಿ ‘ಎಲ್‌ಇಡಿ ಕಂಟ್ರೋಲ್’ ಒಳಗೆ ರಾತ್ರಿಯ ಸಮಯವನ್ನೇ ಕಟ್ಟಿಡಬಹುದು. ಪೆಟ್ಟಿಗೆಯನ್ನೇ ಹಾಲಿಗೆ ಸ್ಥಳಾಂತರಿಸುವುದು ಎಲ್ಲಕ್ಕಿಂತ ಒಳ್ಳೆಯದು, ಆದರೆ ಸಣ್ಣ ಫೈಬರ್ ವೈರನ್ನು ಬಳೆಗಿಂತ ಚಿಕ್ಕ ಸುತ್ತಿಗೆ ಬಗ್ಗಿಸಬೇಡಿ, ಬೆಳಕು ಅಲ್ಲೇ ಸೋರಿ ನೆಟ್ ನಿಧಾನವಾಗುತ್ತದೆ. ಬಿಚ್ಚಿದ ಫೈಬರಿನ ತುದಿಯನ್ನು ಕಣ್ಣಿಗೆ ಹಿಡಿದು ನೋಡುವುದಂತೂ ಕೂಡದು. ಅದರಲ್ಲಿ ಹರಿಯುವ ಲೇಸರ್ ಕಣ್ಣಿಗೆ ಕಾಣುವಂಥದ್ದಲ್ಲ. ದೀಪ ಕಾಣದಿರಲೆಂದು ಪೆಟ್ಟಿಗೆಗೆ ಟವೆಲ್ ಹೊದಿಸುವ ರೂಢಿಯೂ ಕೆಲವು ಮನೆಗಳಲ್ಲಿದೆ. ಗಾಳಿಯಾಡದೆ ಕಾದು, ಎರಡು ವರ್ಷ ಬಾಳುವುದು ಬೇಗ ಹೋಗುತ್ತದೆ.

ಎಸಿಯ ಅಂಕಿಗೆ ಟೇಪೇ ಬೇಕಿಲ್ಲ. ರಿಮೋಟಿನಲ್ಲಿ ‘ಡಿಸ್‌ಪ್ಲೇ’, ‘ಲೈಟ್’ ಅಥವಾ ‘ಎಲ್‌ಇಡಿ’ ಎಂಬ ಗುಂಡಿಯನ್ನು ಹುಡುಕಿ ಒತ್ತಿ. ಕರೆಂಟ್ ಹೋಗಿ ಬಂದರೆ ಕೆಲವು ಎಸಿಗಳಲ್ಲಿ ಅಂಕಿ ಮತ್ತೆ ಹತ್ತಿಕೊಳ್ಳುತ್ತದೆ, ಇನ್ನೊಮ್ಮೆ ಒತ್ತಬೇಕು. ಸ್ಟೆಬಿಲೈಸರಿಗೆ ಅಂಥ ಸೌಲಭ್ಯ ಅಪರೂಪ. ಅಂಕಿಯ ಕಿಟಕಿಗಷ್ಟೇ ಟೇಪ್ ಹಾಕಿ, ಗಾಳಿಯ ಸೀಳುಗಳನ್ನು ಬಿಡಿ. ಟಿವಿಯ ಕೆಂಪು ದೀಪದ ಪಕ್ಕದಲ್ಲೇ ರಿಮೋಟಿನ ಕಣ್ಣು ಇರುವುದರಿಂದ ಅಲ್ಲಿ ಟೇಪ್ ಹಾಕಿದರೆ ರಿಮೋಟ್ ಕೆಲಸ ಮಾಡದು. ಟಿವಿ, ಸೆಟ್‌ಟಾಪ್ ಬಾಕ್ಸ್ ಎರಡನ್ನೂ ರಾತ್ರಿ ಬೋರ್ಡಿನಲ್ಲೇ ಆರಿಸುವುದು ಸರಿ. ಸೊಳ್ಳೆ ಮಷೀನಿನ ಒಳಗೆ ಹೀಟರ್ ಇದೆ. ಅದಕ್ಕೆ ಏನನ್ನೂ ಅಂಟಿಸದೆ, ಮಂಚದ ಮರೆಯ ಬೇರೆ ಪ್ಲಗ್ಗಿಗೆ ಹಾಕಿ. ಸ್ವಿಚ್‌ಬೋರ್ಡಿನ ಕಿತ್ತಳೆ ಬಣ್ಣದ ಇಂಡಿಕೇಟರ್ ರಾತ್ರಿಗಣ್ಣಿಗೆ ಅಷ್ಟೇನೂ ತೊಂದರೆ ಕೊಡದ ಬಣ್ಣ. ಬೇಡವೇ ಬೇಡ ಎಂದರೆ ಎಲೆಕ್ಟ್ರಿಷಿಯನ್ ಬಂದಾಗ ಅದನ್ನು ತೆಗೆಸಿ ಆ ಜಾಗಕ್ಕೆ ಖಾಲಿ ಪ್ಲೇಟ್ ಹಾಕಿಸಿ.

ಎಲ್ಲ ಆರಿಸಿ ಗವ್ವೆನ್ನುವ ಕತ್ತಲಲ್ಲಿ ಫೋನ್ ಒಂದೇ ಉರಿದರೆ ಅದು ಮತ್ತೂ ಕುಕ್ಕುತ್ತದೆ ಎಂಬುದನ್ನೂ ಗಮನಿಸಿ. ಹಾಲು ಕುಡಿಸುವ ಹೊತ್ತಿಗೆ ಫೋನಿನ ಟಾರ್ಚಿಗಿಂತ, ನೆಲದ ಹತ್ತಿರ, ಮಂಚದ ಹಿಂದೆ ಒಂದು ಅರ್ಧ ವ್ಯಾಟಿನ ಎಲ್‌ಇಡಿ ಜೀರೋ ಬಲ್ಬ್ ಇರಲಿ, ಕೆಂಪು ಅಥವಾ ಕಿತ್ತಳೆ ಬಣ್ಣದ್ದು. ನಮ್ಮಲ್ಲಿ ಜೀರೋ ಬಲ್ಬ್ ಎಂದರೆ ತಂಪಾಗಿ ಕಾಣುತ್ತದೆಂದು ನೀಲಿಯನ್ನೇ ತರುವವರು ಬಹಳ. ರಾತ್ರಿಗೆ ಅದರಷ್ಟು ಒಗ್ಗದ ಬಣ್ಣ ಇನ್ನೊಂದಿಲ್ಲ. ಮಂಕು ಮಾಡಿದ ಮೇಲೂ ಕಣ್ಣು ನೋವು ಹೋಗದಿದ್ದರೆ, ಅಥವಾ ದೀಪಗಳ ಸುತ್ತ ಬಣ್ಣದ ಬಳೆ ಹೊಸದಾಗಿ ಕಾಣತೊಡಗಿದರೆ, ಕಣ್ಣಿನ ಡಾಕ್ಟರನ್ನು ನೋಡಿ.

ಕೊನೆಗೆ ಆರದ ಬಲ್ಬು. ಆ ಸ್ವಿಚ್ಚಿನಲ್ಲೇ ಪುಟ್ಟ ದೀಪ ಕೂತಿದೆಯೇ ನೋಡಿ. ಇದ್ದರೆ, ಸ್ವಿಚ್ ಆರಿಸಿದಾಗ ಆ ಪುಟ್ಟ ದೀಪ ಉರಿಯಲು ಬೇಕಾದ ಅತಿ ಸಣ್ಣ ಕರೆಂಟ್ ಸೀಲಿಂಗಿನ ಬಲ್ಬಿನ ಮೂಲಕವೇ ಹರಿಯುತ್ತದೆ. ಹಳೆಯ ಬುರುಡೆ ಬಲ್ಬಿಗೆ ಅದು ಲೆಕ್ಕಕ್ಕೇ ಇರಲಿಲ್ಲ. ಎಲ್‌ಇಡಿಗೆ ಮಿಣಮಿಣ ಅನ್ನಲು, ಇಲ್ಲವೇ ಕೆಲವು ಸೆಕೆಂಡಿಗೊಮ್ಮೆ ಮಿಂಚಲು ಅಷ್ಟು ಸಾಕು. ದೀಪವಿಲ್ಲದ ಸಾದಾ ಸ್ವಿಚ್ ಹಾಕಿಸಿದರೆ ಮುಗಿಯಿತು. ಸ್ವಿಚ್ ಈಗಲೇ ಸಾದಾ ಇದ್ದರೆ ಎರಡು ಸಾಧ್ಯತೆ. ಸ್ವಿಚ್ಚಿಗೆ ಫೇಸ್ ಬದಲು ನ್ಯೂಟ್ರಲ್ ಕೊಟ್ಟಿರಬಹುದು. ಆಗ ಸ್ವಿಚ್ ಆರಿಸಿದರೂ ಹೋಲ್ಡರಿನಲ್ಲಿ 230 ವೋಲ್ಟ್ ಹಾಗೇ ನಿಂತಿರುತ್ತದೆ, ಸ್ವಿಚ್ ಆರಿಸಿದೆನಲ್ಲ ಎಂದು ಬಲ್ಬ್ ಬದಲಿಸಲು ಹೋದವರಿಗೆ ಶಾಕ್ ಹೊಡೆಯುವುದು ಇಂಥ ಕಡೆಯೇ. ಎಲೆಕ್ಟ್ರಿಷಿಯನ್ ಸ್ವಿಚ್ ಆರಿಸಿ ಹೋಲ್ಡರಿಗೆ ಟೆಸ್ಟರ್ ಇಟ್ಟರೆ ತಿಳಿಯುತ್ತದೆ. ಹೊಳೆದರೆ ವೈರ್ ಅದಲುಬದಲು ಮಾಡಿಸಿ. ಹೊಳೆಯದಿದ್ದರೆ ಅಥವಾ ತೀರಾ ಮಂದವಾಗಿ ಹೊಳೆದರೆ, ಒಂದೇ ಪೈಪಿನಲ್ಲಿ ಉದ್ದಕ್ಕೂ ಜೊತೆಯಾಗಿ ಸಾಗಿದ ವೈರುಗಳಲ್ಲಿ ಒಂದರಿಂದ ಪಕ್ಕದ್ದಕ್ಕೆ ಮುಟ್ಟದೆಯೇ ಹಾಯುವ ಅತಿ ಸಣ್ಣ ಕರೆಂಟ್ ಅದು. ಟೂ ವೇ ಸ್ವಿಚ್ ಇರುವ ಕಡೆ ಇದು ಹೆಚ್ಚು. ಬಲ್ಬಿಗೆ ಬರುವ ಎರಡು ವೈರುಗಳ ನಡುವೆ 0.1 ಮೈಕ್ರೊಫ್ಯಾರಡ್, 275 ವೋಲ್ಟ್ ಎಸಿಯ ಎಕ್ಸ್2 ದರ್ಜೆಯ ಕೆಪಾಸಿಟರ್ ಒಂದನ್ನು ಹಾಕಿದರೆ ಮಿಣಮಿಣ ನಿಲ್ಲುತ್ತದೆ. ಫ್ಯಾನಿಗೆ ಹಾಕುವ ಕೆಪಾಸಿಟರ್ ಇದಕ್ಕೆ ಆಗುವುದಿಲ್ಲ. ಎಲೆಕ್ಟ್ರಿಷಿಯನ್ ಬಂದು ನೋಡುವ ತನಕ ಆ ಹೋಲ್ಡರಿಗೆ ಕೈಹಾಕಬೇಕಾದರೆ ಬೋರ್ಡಿನ ಸ್ವಿಚ್ಚನ್ನು ನಂಬದೆ ಮೇನ್ ಎಂಸಿಬಿಯನ್ನೇ ಇಳಿಸಿ.